ತಟ್ಟೆ ಬೇರೆ ಮಾಡಬೇಡಿ, ಕಿಟಕಿ ತೆಗೀರಿ



ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಟ್ಟಾಗ ನಮ್ಮ ಹಿರಿಯರು ಏನು ಮಾಡಿದರು ಅಂತ ಈ ಹಾಳೆ ಓದುವವರಿಗೆ ಹೇಳಿಕೊಡಬೇಕಾಗಿಲ್ಲ. ಕೇಳಿದರು, ಜಗಳ ಆಡಿದರು, ಏಟು ತಿಂದರು, ಕೇಸು ಹಾಕಿಸಿಕೊಂಡರು. ಇನ್ನೂ ಎಷ್ಟೋ ಊರುಗಳಲ್ಲಿ ಆ ಲೋಟ ಹೋಗಿಲ್ಲ. ಬಳಸಿ ಬಿಸಾಡುವ ಲೋಟ ಬಂದ ಮೇಲೆ ಹೋಟೆಲಿನವನ ಕೆಲಸ ಇನ್ನೂ ಸಲೀಸಾಗಿದೆ ಅಷ್ಟೆ. ಆ ಜಗಳ ಮುಗಿದಿಲ್ಲ, ಮುಗಿಯೋವರೆಗೂ ಬಿಡೋದೂ ಇಲ್ಲ.

ಆದರೆ ಈ ಸಲ ಬೇರೆ ಒಂದು ಲೋಟದ ಬಗ್ಗೆ ಬರೀಬೇಕಾಗಿದೆ. ಇದು ನಮ್ಮದೇ ಕೇರಿಯ ಲೋಟ, ನಮ್ಮದೇ ಗುಡಿಸಲಿನ ಲೋಟ. ಟಿ.ಬಿ. ಅಂತ ಡಾಕ್ಟರು ಬರೆದುಕೊಟ್ಟ ಚೀಟಿ ಮನೆಗೆ ಬಂದ ದಿನವೇ ತಾಯಿಯ ತಟ್ಟೆ, ತಾಯಿಯ ಲೋಟ, ತಾಯಿಯ ಚಾಪೆ ಬೇರೆಯಾಗಿಬಿಡುತ್ತೆ. ಸೊಸೆಗೆ ಬಂದರೆ ಅವಳನ್ನು ತವರಿಗೆ ಕಳಿಸ್ತಾರೆ. ತವರಿನವರು ಹಟ್ಟಿಯ ಮೂಲೆ ತೋರಿಸ್ತಾರೆ. ಊಟವನ್ನು ಎತ್ತರದಿಂದ ಹಾಕ್ತಾರೆ. ಎತ್ತರದಿಂದ ಹಾಕೋದು ಅಂದರೆ ಏನು ಅಂತ ನಮಗಿಂತ ಚೆನ್ನಾಗಿ ಈ ದೇಶದಲ್ಲಿ ಯಾರಿಗೆ ಗೊತ್ತು? ಬೊಗಸೆಯೊಡ್ಡಿ ನೀರು ಕುಡಿದ ಜನ ನಾವು. ಆ ಬೊಗಸೆಯನ್ನು ನಮ್ಮ ತಾಯಿಯ ಮುಂದೆ ನಾವೇ ಹಿಡಿಸ್ತಾ ಇದ್ದೀವಿ.

ಇದನ್ನು ಹೇಳಿದರೆ ಕೆಲವು ಗೆಳೆಯರು ಸಿಟ್ಟಾಗ್ತಾರೆ. "ಅದು ಜಾತಿಯ ಮಾತು, ಇದು ವಿಜ್ಞಾನದ ಮಾತು. ಅಂಟುರೋಗ ಕಣಯ್ಯ, ದೂರ ಇಡಬೇಕು" ಅಂತಾರೆ. ಸರಿ, ವಿಜ್ಞಾನದ ಮಾತನ್ನೇ ಆಡೋಣ. ನಾನು ಡಾಕ್ಟರಲ್ಲ, ಬಿ.ಎ. ಓದಿ ಪದ್ಯ ಬರೆಯೋ ಹುಡುಗ. ಆದರೆ ಈ ಕಾಯಿಲೆ ಹೇಗೆ ಬರುತ್ತೆ ಅಂತ ತಿಳಿದುಕೊಳ್ಳೋಕೆ ಡಾಕ್ಟರಾಗಬೇಕಾಗಿಲ್ಲ. ನಮ್ಮ ಮೈ ನಮ್ಮದು. ಅದರೊಳಗೆ ಏನು ನಡೆಯುತ್ತೆ ಅಂತ ತಿಳಿಯೋ ಹಕ್ಕೂ ನಮ್ಮದು.

ನಾವು ಎಳೆದುಕೊಂಡ ಉಸಿರು ಗಂಟಲಿನಿಂದ ಶ್ವಾಸನಾಳಕ್ಕೆ ಇಳಿಯುತ್ತೆ. ನಾಳ ಎರಡು ಕವಲಾಗುತ್ತೆ, ಕವಲು ಮತ್ತೆ ಕವಲಾಗುತ್ತೆ, ತಲೆಕೆಳಗಾಗಿ ನೆಟ್ಟ ಹುಣಸೆಮರದ ಥರ. ಕೊನೇ ಕೊಂಬೆಗಳ ತುದಿಯಲ್ಲಿ ಎಲೆಗಳ ಬದಲು ಸಣ್ಣ ಸಣ್ಣ ಗಾಳಿಚೀಲಗಳು, ಎರಡೂ ಶ್ವಾಸಕೋಶ ಸೇರಿ ಸುಮಾರು 30 ಕೋಟಿ. ಒಂದೊಂದು ಚೀಲದ ಗೋಡೆ ಎಷ್ಟು ತೆಳು ಅಂದರೆ ಗಾಳಿಯ ಆಮ್ಲಜನಕ ಈ ಕಡೆಯಿಂದ ಆ ಕಡೆಯ ರಕ್ತಕ್ಕೆ ಹಾಗೇ ದಾಟಿಬಿಡುತ್ತೆ. ಆಳುವವನಿಗೂ ಅಷ್ಟೇ ಚೀಲ, ಜೀತದವನಿಗೂ ಅಷ್ಟೇ ಚೀಲ. ಬ್ರಹ್ಮನ ಮುಖದಿಂದ ಹುಟ್ಟಿದವನಿಗೆ ನಾಲ್ಕು ಚೀಲ ಜಾಸ್ತಿ ಇದ್ದದ್ದನ್ನು ಯಾವ ಡಾಕ್ಟರೂ ಇದುವರೆಗೆ ಕಂಡಿಲ್ಲ.

ಶ್ವಾಸಕೋಶದ ಟಿ.ಬಿ. ಇರುವವರು, ಔಷಧ ಶುರುವಾಗದೆ ಇರುವಾಗ, ಕೆಮ್ಮಿದರೆ ಕಣ್ಣಿಗೆ ಕಾಣದ ತುಂತುರು ಹೊರಗೆ ಬರುತ್ತೆ. ದಪ್ಪ ಹನಿ ನೆಲಕ್ಕೆ ಬೀಳುತ್ತೆ, ಅದರಿಂದ ಭಯ ಕಡಿಮೆ. ತೀರಾ ಸಣ್ಣ ಹನಿ ಗಾಳಿಯಲ್ಲಿ ತೇಲುತ್ತಾ ಗಂಟೆಗಟ್ಟಲೆ ನಿಲ್ಲುತ್ತೆ. ಮುಚ್ಚಿದ ಕೋಣೆಯಾದರೆ ಅಲ್ಲೇ ಸುತ್ತುತ್ತೆ. ಅದನ್ನು ಉಸಿರಿನಲ್ಲಿ ಎಳೆದುಕೊಂಡು, ಅದು ಆ ಗಾಳಿಚೀಲದವರೆಗೂ ಇಳಿದರೆ ಮಾತ್ರ ರೋಗಾಣು ನಮ್ಮೊಳಗೆ ಮನೆ ಮಾಡುತ್ತೆ. ತಟ್ಟೆಯಿಂದ ಬರೋಲ್ಲ. ಲೋಟದಿಂದ ಬರೋಲ್ಲ. ಸೀರೆ, ಕಂಬಳಿ, ಕೈ ಕುಲುಕೋದು, ಪಕ್ಕದಲ್ಲಿ ಕೂತು ಒಂದೇ ಪಾತ್ರೆಯಲ್ಲಿ ಉಣ್ಣೋದು, ಯಾವುದರಿಂದಲೂ ಬರೋಲ್ಲ.

ಈಗ ನಮ್ಮ ಮನೆಗಳಲ್ಲಿ ನಡೆಯೋದನ್ನು ನೋಡಿ. ಲೋಟ ಬೇರೆ ಮಾಡ್ತೀವಿ, ಕಿಟಕಿಗೆ ಗೋಣಿಚೀಲ ತುರುಕ್ತೀವಿ. ಕೆಮ್ಮಿನವರಿಗೆ ಥಂಡಿ ತಗುಲಬಾರದು ಅಂತ ಬಾಗಿಲು ಹಾಕ್ತೀವಿ. ಕಾಯಿಲೆ ಬಾರದ ದಾರಿಗೆ ಬೇಲಿ, ಬರೋ ದಾರಿಗೆ ತೋರಣ. ರಾತ್ರಿ ಎಲ್ಲ ಅದೇ ಗಾಳಿಯನ್ನು ಏಳು ಜನ ಹಂಚಿಕೊಂಡು ಉಸಿರಾಡ್ತೀವಿ. ಮಗುವಿಗೂ ಬಂದಾಗ "ವಂಶದ ಕಾಯಿಲೆ" ಅಂತೀವಿ. ವಂಶ ಅಲ್ಲ ಕಣ್ರಪ್ಪ, ಕಿಟಕಿ. ಕಾಯಿಲೆಯವರನ್ನು ಜಗಲಿಯಲ್ಲಿ ಮಲಗಿಸೋದು ಗಾಳಿಯ ಲೆಕ್ಕದಲ್ಲಿ ತಪ್ಪಲ್ಲ, ಜೊತೆಗೆ ಮನೆಯವರು ಒಬ್ಬರು ಜಗಲಿಯಲ್ಲೇ ಕೂತು ಅವರ ಜೊತೆ ಉಂಡರೆ. ಬಿಸಿಲು ಈ ರೋಗಾಣುವನ್ನು ಕೊಲ್ಲುತ್ತೆ, ಬೀಸುವ ಗಾಳಿ ಚದುರಿಸುತ್ತೆ. ಎರಡಕ್ಕೂ ದುಡ್ಡು ಕೊಡಬೇಕಾಗಿಲ್ಲ.

ದುಡ್ಡು ಕೊಡಬೇಕಾಗಿಲ್ಲ ಅಂದೆ, ಆದರೆ ಗೋಡೆ ಬೇಕಲ್ಲ, ಕಿಟಕಿ ಇಡೋಕೆ. ಕೇರಿಯಲ್ಲಿ ಸರ್ಕಾರ ಕಟ್ಟಿಸಿಕೊಟ್ಟ ಎಷ್ಟೋ ಮನೆಗಳಿಗೆ ಒಂದು ಬಾಗಿಲು, ಒಂದು ಗುಬ್ಬಿಗೂಡಿನಂಥ ಕಿಟಕಿ. ಎದುರುಬದುರು ಎರಡು ಕಿಟಕಿ ಇದ್ದರೆ ತಾನೇ ಗಾಳಿ ಒಳಗೆ ಬಂದು ಹೊರಗೆ ಹೋಗೋದು? ಪಂಚಾಯಿತಿಯಲ್ಲಿ ಮನೆಯ ಪಟ್ಟಿ ಓದುವಾಗ ನಮ್ಮವರು ಹೆಸರು ಬಂತಾ, ಬಿಲ್ಲು ಬಂತಾ ಅಂತ ಮಾತ್ರ ಕೇಳ್ತಾರೆ. ಕಿಟಕಿ ಎಷ್ಟು ಅಂತಲೂ ಕೇಳಬೇಕು.

ರೋಗಾಣು ಒಳಗೆ ಹೋದವರಿಗೆಲ್ಲ ಕಾಯಿಲೆ ಬರೋದಿಲ್ಲ. ಇದು ತುಂಬ ಮುಖ್ಯವಾದ ಸಂಗತಿ, ನಿಧಾನವಾಗಿ ಓದಿ. ರಕ್ತದಲ್ಲಿ ಕಾವಲುಗಾರ ಕಣಗಳಿವೆ. ಅವು ರೋಗಾಣುವನ್ನು ನುಂಗ್ತವೆ. ಸಾಯಿಸೋಕೆ ಆಗದಿದ್ದರೆ ಸುತ್ತ ಸೇರಿ ಒಂದು ಗೋಡೆ ಕಟ್ಟಿ ಒಳಗೇ ಕೂಡಿಹಾಕ್ತವೆ. ರೋಗಾಣು ವರ್ಷಗಟ್ಟಲೆ ಅಲ್ಲೇ ಮಲಗಿರುತ್ತೆ. ಲೋಕದ ನಾಲ್ಕರಲ್ಲಿ ಒಂದು ಪಾಲು ಜನಕ್ಕೆ ಈ ಸೋಂಕು ತಗುಲಿದೆ ಅಂತ ಅಂದಾಜು. ಅವರಲ್ಲಿ ನೂರಕ್ಕೆ ಐದರಿಂದ ಹತ್ತು ಜನ ಮಾತ್ರ ತಮ್ಮ ಜೀವಮಾನದಲ್ಲಿ ಕಾಯಿಲೆ ಬೀಳ್ತಾರೆ. ಮಿಕ್ಕವರ ಗೋಡೆ ನಿಲ್ಲುತ್ತೆ.

ಯಾರ ಗೋಡೆ ಬೀಳುತ್ತೆ? ಸಕ್ಕರೆ ಕಾಯಿಲೆ ಇದ್ದವರದು, ಎಚ್.ಐ.ವಿ. ಇದ್ದವರದು, ಬೀಡಿ ಸೇದುವವರದು, ವಿಪರೀತ ಕುಡಿಯುವವರದು. ಇದನ್ನು ಮುಚ್ಚಿಡೋದು ಬೇಡ, ಹೆಂಡ ಬೀಡಿ ನಮ್ಮ ಕೇರಿಗಳನ್ನು ತಿಂತಾ ಇವೆ. ಆದರೆ ನಮ್ಮ ದೇಶದಲ್ಲಿ ಇವೆಲ್ಲಕ್ಕಿಂತ ದೊಡ್ಡ ಕಾರಣ ಒಂದಿದೆ, ಹಸಿವು. ಅರೆಹೊಟ್ಟೆ ಉಂಡ ಮೈಗೆ ಗೋಡೆ ಕಟ್ಟೋಕೆ ಇಟ್ಟಿಗೆ ಇರೋಲ್ಲ. ಆಮೇಲೆ ದೂಳು. ಕಲ್ಲು ಒಡೆಯುವ, ಕ್ರಷರಿನಲ್ಲಿ ದುಡಿಯುವ, ಬಾವಿ ಕೊರೆಯುವವರ ಎದೆಗೆ ಇಳಿಯೋ ಕಲ್ಲುದೂಳು ಆ ಕಾವಲುಗಾರ ಕಣಗಳನ್ನೇ ಕೊಲ್ಲುತ್ತೆ. ಅದಕ್ಕೇ ಸಿಲಿಕೋಸಿಸ್ ಅಂತಾರೆ. ಅದರ ಹಿಂದೆಯೇ ಟಿ.ಬಿ. ಬರುತ್ತೆ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ನೂರಕ್ಕೂ ಹೆಚ್ಚು ವರ್ಷ ಅಲ್ಲಿ ಪಾತಾಳಕ್ಕಿಳಿದು ಬಂಡೆ ಕೊರೆದವರಲ್ಲಿ ಬಹಳಷ್ಟು ಜನ ದಲಿತರು. ಚಿನ್ನ ಯಾರ ಕೊರಳಿಗೋ ಹೋಯಿತು, ದೂಳು ಅವರ ಎದೆಯಲ್ಲೇ ಉಳಿಯಿತು.

ಈ ಕಾಯಿಲೆಗೆ ಹಳೇ ಪುಸ್ತಕಗಳಲ್ಲಿ ರಾಜಯಕ್ಷ್ಮ ಅಂತ ಹೆಸರು. ಕತೆ ಕೇಳಿ. ದಕ್ಷನ 27 ಹೆಣ್ಣುಮಕ್ಕಳನ್ನು ಮದುವೆಯಾದ ಚಂದ್ರ ರೋಹಿಣಿ ಒಬ್ಬಳ ಮನೆಯಲ್ಲೇ ಇದ್ದನಂತೆ, ಮಾವ ಸಿಟ್ಟಾಗಿ ಶಾಪ ಕೊಟ್ಟನಂತೆ, ಕ್ಷಯ ಬಂತಂತೆ. ಆಮೇಲೆ ಶಾಪ ಸಡಿಲ ಮಾಡಿ ಹದಿನೈದು ದಿನ ಸವೆಯೋದು, ಹದಿನೈದು ದಿನ ಬೆಳೆಯೋದು ಅಂತ ರಾಜಿಯಾಯಿತಂತೆ. ದೇವರಿಗಾದರೆ ರಾಜಿ. ನಮ್ಮವರಿಗೆ ಬಂದರೆ ಹಿಂದಿನ ಜನ್ಮದ ಕರ್ಮ, ಇಲ್ಲವೇ ಕುಡಿದೂ ಕುಡಿದೂ ಬಂದದ್ದು.

ಕಾಲೇಜಿನಲ್ಲಿ ಕೀಟ್ಸ್ ಅಂತ ಇಂಗ್ಲಿಷ್ ಕವಿಯ ಪಾಠ ಇತ್ತು. ಕುದುರೆ ಲಾಯದಲ್ಲಿ ದುಡಿದವನ ಮಗ, ವೈದ್ಯ ಕಲಿತವನು. ಕ್ಷಯ ಬಂದ ತಮ್ಮನ ಆರೈಕೆ ಮಾಡಿದ, 1818ರಲ್ಲಿ ತಮ್ಮ ತೀರಿಕೊಂಡ. 1821ರಲ್ಲಿ ರೋಮ್ ನಗರದಲ್ಲಿ ತಾನೂ ಅದರಿಂದಲೇ ಸತ್ತ, ವಯಸ್ಸು 25. ಸತ್ತ ಮೇಲೆ ಅಲ್ಲಿನ ಕಾನೂನಿನ ಪ್ರಕಾರ ಅವನ ಕೋಣೆಯ ಸಾಮಾನೆಲ್ಲ ಸುಟ್ಟರು. ಕವಿಗೆ ಬಂದರೆ ಇದು ಕೋಮಲ ಹೃದಯದವರ ಕಾಯಿಲೆ ಅಂತ ಆ ಕಾಲದ ಯುರೋಪಿನವರು ಕೊಂಡಾಡಿದರು. ಅದೇ ಊರುಗಳ ಕೊಳೆಗೇರಿಯಲ್ಲಿ ಕೆಮ್ಮಿ ಕೆಮ್ಮಿ ಸತ್ತ ಕೂಲಿಗಳ ಮೇಲೆ ಯಾರೂ ಪದ್ಯ ಬರೆಯಲಿಲ್ಲ. ಶಾಪವೂ ಅಲ್ಲ, ಕೋಮಲತೆಯೂ ಅಲ್ಲ, ಇದೊಂದು ರೋಗಾಣು ಅಂತ 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ತೋರಿಸಿಕೊಟ್ಟ. ಕೊಲ್ಲುವ ಔಷಧ ಸಿಗೋಕೆ ಮತ್ತೆ ಅರವತ್ತು ವರ್ಷ ಬೇಕಾಯಿತು. ದುಡ್ಡಿದ್ದವರು ಬೆಟ್ಟದ ಮೇಲಿನ ಆರೋಗ್ಯಧಾಮಗಳಿಗೆ ಹೋಗ್ತಿದ್ದರು. ಹೋದವರಲ್ಲೂ ಎಷ್ಟೋ ಜನ ಉಳಿಯಲಿಲ್ಲ. ಕಮಲಾ ನೆಹರೂ 1936ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಈ ಕಾಯಿಲೆಯಿಂದಲೇ ತೀರಿಕೊಂಡರು.

ಔಷಧ ಬಂದ ಮೇಲೆ ಒಂದು ಪ್ರಶ್ನೆ ಎದ್ದಿತು. ಬಡವರನ್ನು ಅವರ ಮನೆಯಲ್ಲೇ ಇಟ್ಟು ವಾಸಿ ಮಾಡಬಹುದಾ, ಇಲ್ಲ ಎಲ್ಲರನ್ನೂ ಆಸ್ಪತ್ರೆಗೆ ಸಾಗಿಸಬೇಕಾ? ಇದಕ್ಕೆ ಉತ್ತರ ಸಿಕ್ಕಿದ್ದು ಲಂಡನ್ನಿನಲ್ಲಲ್ಲ, ಪಕ್ಕದ ಮದರಾಸಿನಲ್ಲಿ. 1956ರಿಂದ ಅಲ್ಲಿ ಪರೀಕ್ಷೆ ನಡೆಸಿದರು. ಕೆಲವು ರೋಗಿಗಳಿಗೆ ಆರೋಗ್ಯಧಾಮ, ಒಳ್ಳೇ ಊಟ, ವಿಶ್ರಾಂತಿ. ಇನ್ನು ಕೆಲವರಿಗೆ ಅದೇ ಮಾತ್ರೆ, ಆದರೆ ತಮ್ಮ ಇಕ್ಕಟ್ಟಿನ ಮನೆಯಲ್ಲೇ, ತಮ್ಮ ಬಡ ಊಟದಲ್ಲೇ. 1959ರಲ್ಲಿ ಫಲಿತಾಂಶ ಬಂತು. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ರೀತಿ ವಾಸಿಯಾಗಿತ್ತು. ಅದಕ್ಕಿಂತ ದೊಡ್ಡ ಸಂಗತಿ, ರೋಗಿಯನ್ನು ಮನೆಯಲ್ಲೇ ಇಟ್ಟುಕೊಂಡು ಮಾತ್ರೆ ಕೊಟ್ಟ ಮನೆಗಳಲ್ಲಿ ಹೆಂಡತಿ ಮಕ್ಕಳಿಗೆ ಕಾಯಿಲೆ ಜಾಸ್ತಿಯಾಗಿರಲಿಲ್ಲ. ಸರಿಯಾದ ಔಷಧ ಶುರುವಾದ ಕೆಲವೇ ವಾರದಲ್ಲಿ ಅವರಿಂದ ಬೇರೆಯವರಿಗೆ ಹರಡೋದು ತೀರಾ ಕಡಿಮೆಯಾಗಿಬಿಡುತ್ತೆ. ಹೀಗಿರುವಾಗ ಆರು ತಿಂಗಳಿಂದ ಮಾತ್ರೆ ನುಂಗ್ತಾ ಇರೋ ತಾಯಿಗೆ ಇವತ್ತಿಗೂ ಬೇರೆ ಲೋಟ ಯಾಕೆ, ಹೇಳಿ?

ಇನ್ನೊಂದು ಮಾತು ಮೇಲಿನವರು ಯಾವಾಗಲೂ ಆಡ್ತಾರೆ. "ಈ ಜನಕ್ಕೆ ತಿಳುವಳಿಕೆ ಇಲ್ಲ, ಆಸ್ಪತ್ರೆಗೆ ಬರೋದಿಲ್ಲ." ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿನ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅನ್ನುವವರು ನಮ್ಮ ತುಮಕೂರು ಜಿಲ್ಲೆಯಲ್ಲಿ ರೋಗಿಗಳನ್ನು ಹುಡುಕಿ ಮಾತಾಡಿಸಿ 1963ರಲ್ಲಿ ಬರೆದರು. ಅರ್ಧಕ್ಕಿಂತ ಹೆಚ್ಚು ಜನ ತಾವಾಗೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಸರ್ಕಾರಿ ಆಸ್ಪತ್ರೆಗೆ ಹೋದವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ. ಕಫ ನೋಡಲಿಲ್ಲ, ಎದೆ ನೋಡಲಿಲ್ಲ, ಬಾಟಲಿ ಕೊಟ್ಟು ಕಳಿಸಿದರು. ಅಜ್ಞಾನ ಯಾವ ಕಡೆ ಇತ್ತು ಅಂತ ನೀವೇ ತೀರ್ಮಾನ ಮಾಡಿ. ಆ ಬಾಟಲಿ ಇವತ್ತೂ ಖಾಲಿಯಾಗಿಲ್ಲ. ಹೋಬಳಿಯ ಮೆಡಿಕಲ್ ಅಂಗಡಿಯಲ್ಲಿ ನಿಂತು ನೋಡಿ, ತಿಂಗಳಿಂದ ಕೆಮ್ಮುತ್ತಿರುವ ಗಾರೆ ಕೆಲಸದ ಹೆಂಗಸಿನ ಕೈಗೆ ಕೆಂಪು ಸಿರಪ್ಪು, ಜೊತೆಗೆ ಒಂದು ಸೂಜಿ. ದಿನದ ಕೂಲಿ ಹೋಯಿತು, ಕೆಮ್ಮು ಉಳಿಯಿತು.

ಅದಕ್ಕೇ ಹೇಳೋದು, ಎರಡು ವಾರ ದಾಟಿದ ಕೆಮ್ಮಿಗೆ ಸಿರಪ್ಪು ಕೊಡೋಕೆ ಬಂದರೆ ತಗೋಬೇಡಿ, "ಕಫ ಪರೀಕ್ಷೆ ಮಾಡಿ" ಅಂತ ಬಾಯಿಬಿಟ್ಟು ಕೇಳಿ. ಸಾಯಂಕಾಲದ ಹೊತ್ತಿಗೆ ಸಣ್ಣ ಜ್ವರ, ರಾತ್ರಿ ಬೆವರು, ತೂಕ ಇಳಿಯೋದು, ಕಫದಲ್ಲಿ ರಕ್ತ, ಇವು ಅದರ ಗುರುತು. ಕೆಲವರಿಗೆ ಕೆಮ್ಮೇ ಇರೋಲ್ಲ. ಕತ್ತಿನಲ್ಲಿ ಗಂಟು, ಬೆನ್ನುಮೂಳೆಯಲ್ಲಿ ನೋವು, ಹೀಗೆ ಬೇರೆ ಕಡೆಯೂ ಕೂರುತ್ತೆ. ಶ್ವಾಸಕೋಶ ಬಿಟ್ಟು ಬೇರೆ ಕಡೆ ಇದ್ದರೆ ಅದು ಸಾಮಾನ್ಯವಾಗಿ ಯಾರಿಗೂ ಹರಡೋಲ್ಲ. ಆದರೂ ಕತ್ತಿನ ಗಂಟು ಕಂಡ ಹುಡುಗಿಯ ಮದುವೆ ಮುರಿಯೋದು ನಿಂತಿಲ್ಲ. ಪರೀಕ್ಷೆ, ಮಾತ್ರೆ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಟ್ರೂನಾಟ್ ಅಂತ ಸಣ್ಣ ಯಂತ್ರ ಬಂದಿದೆ, ರೂಪಿಸಿದ್ದು ಬೆಂಗಳೂರಿನ ಪ್ರಯೋಗಾಲಯದಲ್ಲಿ. ರೋಗಾಣು ಇದೆಯಾ, ಅದು ಮುಖ್ಯ ಔಷಧಕ್ಕೆ ಬಗ್ಗುತ್ತಾ ಅಂತ ಕೆಲವೇ ಗಂಟೆಯಲ್ಲಿ ಹೇಳುತ್ತೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಇದೆಯಾ, ಇದ್ದರೆ ಓಡ್ತಾ ಇದೆಯಾ, ಹೋಗಿ ಕೇಳಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಹೋಗಿ.

ಮಾತ್ರೆ ಆರು ತಿಂಗಳು. ಮೊದಲ ಎರಡು ತಿಂಗಳು ನಾಲ್ಕು ಔಷಧ, ಆಮೇಲಿನ ನಾಲ್ಕು ತಿಂಗಳು ಮೂರು, ದಿನವೂ, ಮೈತೂಕ ನೋಡಿ. ನುಂಗಿದ ದಿನವೇ ಉಚ್ಚೆ ಕೇಸರಿ ಕೆಂಪಾಗುತ್ತೆ. ರಕ್ತ ಹೋಗ್ತಾ ಇದೆ ಅಂತ ಹೆದರಿ ಎಷ್ಟೋ ಜನ ಅಲ್ಲಿಗೇ ಬಿಟ್ಟುಬಿಡ್ತಾರೆ. ಅದು ರಿಫಾಂಪಿಸಿನ್ ಅನ್ನೋ ಔಷಧದ ಬಣ್ಣ, ಏನೂ ಆಗೋಲ್ಲ. ಕೊಡುವಾಗ ಇದೊಂದು ಮಾತು ಹೇಳಿ ಕೊಟ್ಟರೆ ಎಷ್ಟು ಜೀವ ಉಳಿಯುತ್ತೋ. ಕಣ್ಣು ಹಳದಿಯಾದರೆ, ಬಿಡದೆ ವಾಂತಿಯಾದರೆ, ಕಣ್ಣು ಮಂಜಾದರೆ ಮಾತ್ರ ಆ ದಿನವೇ ಡಾಕ್ಟರ ಹತ್ತಿರ ಓಡಬೇಕು. ಮಾತ್ರೆಯ ಜೊತೆ ಹೆಂಡ ಕುಡಿದರೆ ಲಿವರು ಹೋಗುತ್ತೆ. ಎರಡು ತಿಂಗಳಿಗೆ ಕೆಮ್ಮು ನಿಂತು ಮೈ ಹಗುರಾಗುತ್ತೆ, ವಾಸಿಯಾಯಿತು ಅಂತ ಕಬ್ಬು ಕಡಿಯೋಕೆ ಹೊರಟುಬಿಡ್ತಾರೆ. ಒಳಗೆ ಉಳಿದ ಗಟ್ಟಿ ರೋಗಾಣು ಆಗ ಔಷಧವನ್ನೇ ಅರಗಿಸಿಕೊಳ್ಳೋದು ಕಲಿಯುತ್ತೆ. ಗುಳೆ ಹೋಗಲೇಬೇಕಾದರೆ ಕಾರ್ಡು ತಗೊಂಡು ಹೋಗಿ, ಹೋದ ಊರಿನ ಆಸ್ಪತ್ರೆಯಲ್ಲಿ ಅದೇ ಮಾತ್ರೆ ಮುಂದುವರಿಸೋ ಹಕ್ಕಿದೆ. ಮನೆಯಲ್ಲಿ ಜೊತೆಗಿರೋರಿಗೂ ಪರೀಕ್ಷೆ ಮಾಡಿಸಿ, ಕಾಯಿಲೆ ಇಲ್ಲದಿದ್ದರೆ ಬಾರದ ಹಾಗೆ ಕೊಡೋ ಮಾತ್ರೆಯೂ ಇದೆ. ಕೇಳಿದರೆ ಕೊಡ್ತಾರೆ. ಕೇಳದಿದ್ದರೆ ಅನೇಕ ಕಡೆ ಮರೀತಾರೆ.

ಮಾತ್ರೆ ರೋಗಿ ಮರೆಯೋದು ಮಾತ್ರವಲ್ಲ, ಸರ್ಕಾರವೂ ಮರೆಯುತ್ತೆ. 2024ರ ಮಾರ್ಚಿನಲ್ಲಿ ಮಾತ್ರೆಯ ಕೊರತೆ ಬಂದು, ನೀವೇ ಕೊಂಡುಕೊಳ್ಳಿ ಅಂತ ದೆಹಲಿಯಿಂದ ರಾಜ್ಯಗಳಿಗೆ ಕಾಗದ ಬಂತು. ಒಂದು ದಿನವೂ ತಪ್ಪಿಸಬಾರದು ಅಂತ ರೋಗಿಗೆ ಬುದ್ಧಿ ಹೇಳೋರು ಯಾರು? 2025ಕ್ಕೆ ಕ್ಷಯಮುಕ್ತ ಭಾರತ ಅಂತ 2018ರಲ್ಲಿ ಡಂಗುರ ಹೊಡೆದರು. 2025 ಬಂತು, ಕೆಮ್ಮು ಹೋಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2023ರಲ್ಲಿ ಈ ದೇಶದಲ್ಲಿ ಹೊಸದಾಗಿ ಕಾಯಿಲೆ ಬಿದ್ದವರು ಸುಮಾರು 28 ಲಕ್ಷ, ಇಡೀ ಲೋಕದ ನಾಲ್ಕರಲ್ಲಿ ಒಂದು ಪಾಲಿಗಿಂತ ಜಾಸ್ತಿ. ಸತ್ತವರು ಮೂರು ಲಕ್ಷಕ್ಕೂ ಹೆಚ್ಚು.

ಈಗ ಅನ್ನದ ಮಾತಿಗೆ ಬರ್ತೀನಿ, ಯಾಕಂದರೆ ಇದೇ ಬೇರು. ಮಂಗಳೂರಿನ ಒಂದು ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಎಂಬ ವೈದ್ಯರು 2019ರಿಂದ 2022ರವರೆಗೆ ಜಾರ್ಖಂಡಿನಲ್ಲಿ ಒಂದು ದೊಡ್ಡ ಪರೀಕ್ಷೆ ನಡೆಸಿದರು. ಆದಿವಾಸಿಗಳು, ಬಡವರು ಇರುವ ನಾಡು. ಎಲ್ಲ ರೋಗಿಗಳಿಗೂ ಮಾತ್ರೆಯ ಜೊತೆ ಊಟದ ಸಾಮಾನು ಕೊಟ್ಟರು. ಅರ್ಧದಷ್ಟು ಕಡೆ ಮನೆಯವರಿಗೂ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಕೊಟ್ಟರು. 2023ರಲ್ಲಿ ಅಚ್ಚಾದ ಲೆಕ್ಕ ಹೇಳುತ್ತೆ, ಹಾಗೆ ಕೊಟ್ಟ ಮನೆಗಳಲ್ಲಿ ಹೊಸದಾಗಿ ಟಿ.ಬಿ. ಬೀಳೋದು ನೂರಕ್ಕೆ 39ರಷ್ಟು ಕಡಿಮೆಯಾಯಿತು, ಪರೀಕ್ಷೆಯಲ್ಲಿ ಖಚಿತವಾದ ಶ್ವಾಸಕೋಶದ ಟಿ.ಬಿ. ನೂರಕ್ಕೆ 48ರಷ್ಟು. ಅಕ್ಕಿ, ಬೇಳೆ. ಅಮೃತವಲ್ಲ, ಸಂಜೀವಿನಿಯಲ್ಲ. ರೋಗಿಗಳಲ್ಲೂ ಮೊದಲ ಎರಡು ತಿಂಗಳಲ್ಲಿ ತೂಕ ಏರಿದವರು ಸಾಯೋದು ಬಹಳ ಕಡಿಮೆಯಾಗಿತ್ತು.

ಇದನ್ನು ಓದಿದ ಮೇಲೆ ನಮ್ಮ ಅಡಿಗೆಮನೆಗಳನ್ನು ನೋಡಿಕೊಳ್ಳಬೇಕು. ಎಲ್ಲರೂ ಉಂಡ ಮೇಲೆ ಪಾತ್ರೆಯ ತಳ ಬಳಿದು ಉಣ್ಣೋರು ಯಾರು? ಅವಳು. ಕಾಯಿಲೆ ಬಿದ್ದಾಗಲೂ ಕೊನೆಗೇ ಉಣ್ಣೋದು, ಅದೂ ಬೇರೆ ತಟ್ಟೆಯಲ್ಲಿ. ತಟ್ಟೆ ಒಂದು ಮಾಡಿ, ಅವಳಿಗೆ ಮೊದಲು ಹಾಕಿ. ರಾಗಿ ಇದೆ, ಹುರಳಿ ಇದೆ, ಅವರೆ, ಕಡಲೆಕಾಯಿ, ಮೊಟ್ಟೆ, ಕೆರೆ ಮೀನು. ಇನ್ನು ನಮ್ಮ ಬಡವರಿಗೆ ಕಡಿಮೆ ದುಡ್ಡಿಗೆ ಸಿಗ್ತಿದ್ದ ಗಟ್ಟಿ ಆಹಾರ ಯಾವುದು, 2020ರಲ್ಲಿ ಈ ರಾಜ್ಯ ಮಾಡಿದ ಜಾನುವಾರು ಕಾನೂನು ಯಾರ ತಟ್ಟೆಗೆ ಕೈ ಹಾಕಿತು ಅಂತ ಈ ಹಾಳೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತುಪ್ಪ ತಿನ್ನೋರು ನಮ್ಮ ಪೌಷ್ಟಿಕತೆಯ ಬಗ್ಗೆ ಭಾಷಣ ಮಾಡುವಾಗ ಇದನ್ನು ಎದ್ದು ನಿಂತು ಕೇಳಬೇಕು.

ರೋಗಿಗೆ ಊಟಕ್ಕೆ ಅಂತ ಸರ್ಕಾರ 2018ರ ಏಪ್ರಿಲಿನಿಂದ ತಿಂಗಳಿಗೆ 500 ರೂಪಾಯಿ ಕೊಡ್ತಿತ್ತು, 2024ರ ನವೆಂಬರಿನಿಂದ ಅದನ್ನು 1000 ಮಾಡಿದೆ. ದಿನಕ್ಕೆ 33 ರೂಪಾಯಿ. ಕೂಲಿ ತಪ್ಪಿದ ಮನೆಗೆ 33 ರೂಪಾಯಿ ಏನು ಮಹಾ ಅನ್ನಿಸಬಹುದು, ಆದರೆ ಅದು ಭಿಕ್ಷೆಯಲ್ಲ, ಬಿಡಬಾರದು. ಬ್ಯಾಂಕಿನ ಖಾತೆ ಇಲ್ಲ ಅಂತಲೋ, ಆಧಾರಿನಲ್ಲಿ ಹೆಸರು ತಪ್ಪಿದೆ ಅಂತಲೋ ಎಷ್ಟೋ ಜನರ ಹಣ ತಿಂಗಳುಗಟ್ಟಲೆ ಬಾರದೆ ನಿಲ್ಲುತ್ತೆ. ವಾಸಿಯಾದ ಮೇಲೆ ಬರುತ್ತೆ, ಸತ್ತ ಮೇಲೂ ಬರುತ್ತೆ. ಪ್ರತಿ ಶಾಖೆಯ ಗೆಳೆಯರು ತಮ್ಮ ಕೇರಿಯಲ್ಲಿ ಮಾತ್ರೆ ತಗೊಳ್ಳೋರು ಎಷ್ಟು ಜನ, ಯಾರಿಗೆ ಹಣ ಬಂದಿಲ್ಲ ಅಂತ ಪಟ್ಟಿ ಮಾಡಿ. ಹೆಸರನ್ನು ಅವರ ಒಪ್ಪಿಗೆ ಇಲ್ಲದೆ ಎಲ್ಲೂ ಓದಬೇಡಿ. ಪಟ್ಟಿ ಹಿಡಿದು ತಾಲ್ಲೂಕು ಆರೋಗ್ಯಾಧಿಕಾರಿಯ ಮುಂದೆ ಕೂರೋಣ. ಪಟ್ಟಿ ಮಾಡೋಕೆ ಮನೆಯೊಳಗೆ ಹೋದಾಗ ಅವರ ಮನೆಯ ಲೋಟದಲ್ಲೇ ನೀರು ಕೇಳಿ ಕುಡೀರಿ. ಹಾಗೇ, ಕಿಟಕಿಯಲ್ಲಿ ಗೋಣಿಚೀಲ ಇದ್ದರೆ ತೆಗೆದು ಬಿಸಿಲಿಗೆ ಹಾಕಿ ಬನ್ನಿ.